ಗೊತ್ತಿಲ್ಲದ ಊರಿನಲ್ಲಿ ಮೊದಲ ದಿನವನ್ನು ನೀವೆಲ್ಲ ಹೇಗೆ ಕಳೆಯುತ್ತೀರಿ?

ಮಂಡ್ಯದವಳು ಬರೆದದ್ದು:

ಎಲ್ಲರಿಗೂ ನಮಸ್ಕಾರ. ಊರು ಮಂಡ್ಯ, ಕೆಲಸ ಮೈಸೂರಿನಲ್ಲಿ, ವಯಸ್ಸು 31. ಹೋದ ತಿಂಗಳು ಮೊದಲ ಸಲ ವಿದೇಶಕ್ಕೆ ಹೋಗಿಬಂದೆ, ಅದೂ ಒಬ್ಬಳೇ. ಬ್ಯಾಂಕಾಕ್, 6 ದಿನ. ಜೊತೆಗೆ ಬರಬೇಕಿದ್ದ ಗೆಳತಿಗೆ ಕೊನೇ ಗಳಿಗೆಯಲ್ಲಿ ರಜೆ ಸಿಗಲಿಲ್ಲ, ನನ್ನ ಟಿಕೆಟ್ ದುಡ್ಡು ವಾಪಸ್ ಬರುವ ಹಾಗಿರಲಿಲ್ಲ. ಅಮ್ಮ ಬೇಡವೇ ಬೇಡ ಎಂದರು. ಅಪ್ಪ ಏನೂ ಹೇಳಲಿಲ್ಲ, ಸುಮ್ನೆ ಮೈಸೂರು ಬಸ್ ಸ್ಟ್ಯಾಂಡಿನವರೆಗೂ ಬಂದು ಏರ್‌ಪೋರ್ಟ್ ಬಸ್ ಹತ್ತಿಸಿ ಹೋದರು.

ನನ್ನ ಪ್ರಶ್ನೆ ಮೊದಲ ದಿನದ್ದು. ವಿಮಾನ ಇಳಿದದ್ದು ಬೆಳಗಿನ ಜಾವ. ಏರ್‌ಪೋರ್ಟಿನ ಹೆಸರು ಸುವರ್ಣಭೂಮಿ, ಅವರು ಅದನ್ನು 'ಸುವನ್ನಫೂಮ್' ಅನ್ನುತ್ತಾರೆ. ಅಲ್ಲಿಂದ ರೈಲು ಹಿಡಿದು ಫಾಯಾ ಥಾಯ್, ಅಲ್ಲಿ ಸ್ಕೈಟ್ರೇನ್ ಬದಲಿಸಿ ಸೀಲೋಮ್ ಹತ್ತಿರದ ರೂಮಿಗೆ ಏನೂ ತೊಂದರೆಯಿಲ್ಲದೆ ಬಂದುಬಿಟ್ಟೆ. ರೂಮಿನ ಬಾಗಿಲು ಹಾಕಿಕೊಂಡ ಮೇಲೆ ಹೊರಗೆ ಹೋಗಲು ಆಗಲಿಲ್ಲ. ಕಿಟಕಿಯಿಂದ ನೋಡಿದರೆ ಕೆಳಗೆ ರಸ್ತೆ ತುಂಬ ಜನ, ತಳ್ಳುಗಾಡಿ, ಎಣ್ಣೆಯ ಹೊಗೆ, ಒಂದಕ್ಷರವೂ ಓದಲು ಬಾರದ ಬೋರ್ಡುಗಳು. ಅಮ್ಮ ಕಟ್ಟಿಕೊಟ್ಟ ಕೋಡುಬಳೆ ತಿಂದುಕೊಂಡು ಐದು ಗಂಟೆ ಮಂಚದ ಮೇಲೆ ಕೂತಿದ್ದೆ. ಅಳು ಬರಲಿಲ್ಲ, ಆದರೆ ಯಾಕೆ ಬಂದೆ ಅನ್ನುವುದು ಬಿಟ್ಟು ಬೇರೇನೂ ತಲೆಗೆ ಬರುತ್ತಿರಲಿಲ್ಲ.

ಸಂಜೆ ನೀರು ಖಾಲಿಯಾಯಿತು ಅಂತ ಇಳಿದೆ. ಹತ್ತಿರದಲ್ಲೇ ಲುಂಪಿನಿ ಪಾರ್ಕ್. ನಮ್ಮ ಬುದ್ಧ ಹುಟ್ಟಿದ ಲುಂಬಿನಿಯದೇ ಹೆಸರು. ಅಲ್ಲಿಯ ಕೊಳದಿಂದ ನನ್ನಷ್ಟೇ ಉದ್ದದ ಒಂದು ಉಡ ಎದ್ದು ಬಂದು ಹುಲ್ಲಿನ ಮೇಲೆ ನಡೆದುಕೊಂಡು ಹೋಯಿತು, ಯಾರೂ ತಿರುಗಿಯೂ ನೋಡಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತಿದ್ದಾಗ ಸರಿಯಾಗಿ 6 ಗಂಟೆಗೆ ಧ್ವನಿವರ್ಧಕದಲ್ಲಿ ಒಂದು ಹಾಡು ಶುರುವಾಯಿತು. ಓಡುತ್ತಿದ್ದವರು, ನಡೆಯುತ್ತಿದ್ದವರು, ಮಕ್ಕಳು, ಎಲ್ಲರೂ ಇದ್ದಲ್ಲೇ ನಿಂತುಬಿಟ್ಟರು. ಅದು ಅವರ ರಾಷ್ಟ್ರಗೀತೆ, ದಿನಾ ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 6ಕ್ಕೆ ಹಾಕುತ್ತಾರಂತೆ. ನಾನೂ ಎದ್ದು ನಿಂತೆ. ಹಾಡು ಮುಗಿದ ಕೂಡಲೇ ಏನೂ ಆಗದವರ ಹಾಗೆ ಎಲ್ಲರೂ ಮತ್ತೆ ಓಡತೊಡಗಿದರು. ನನ್ನ ಎದೆಯ ಮೇಲಿದ್ದ ಭಾರ ಇಳಿದದ್ದು ಆ ಒಂದು ನಿಮಿಷದಲ್ಲಿ. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲು ಬರುತ್ತಿಲ್ಲ.

ಆಮೇಲಿನದು ಎಲ್ಲ ಚೆನ್ನಾಗಿತ್ತು. ಎರಡನೇ ದಿನ ಮಾತ್ರ ಒಂದು ಮೋಸ. ಅರಮನೆ ಹತ್ತಿರ ನೀಟಾಗಿ ಬಟ್ಟೆ ಹಾಕಿದ್ದ ಒಬ್ಬರು 'ಇವತ್ತು ಪೂಜೆ ಇದೆ, ಅರಮನೆ ಮಧ್ಯಾಹ್ನದವರೆಗೂ ಮುಚ್ಚಿದೆ' ಎಂದು ಹೇಳಿ ಟುಕ್‌ಟುಕ್ ಹತ್ತಿಸಿದರು. ಅದು ಹೋಗಿ ನಿಂತದ್ದು ಹರಳು ಮಾರುವ ಅಂಗಡಿಗೆ. ಏನೂ ಕೊಳ್ಳದೆ ಹೊರಗೆ ಬಂದೆ, ಆದರೆ ಅರ್ಧ ದಿನ ಹೋಯಿತು. ಅರಮನೆ ತೆರೆದೇ ಇತ್ತು. ಹೋಗುವವರು ಟಿಕೆಟ್ ಕೊಡುವ ಗೇಟಿನವರೆಗೂ ಹೋಗಿ ನಿಮ್ಮ ಕಣ್ಣಿಂದ ನೋಡಿ, ದಾರಿಯಲ್ಲಿ ಹೇಳಿದವರನ್ನು ನಂಬಬೇಡಿ.

ನನಗೆ ಹೆಚ್ಚು ಹಿಡಿಸಿದ್ದು ಅಯುತ್ತಯ. ಬ್ಯಾಂಕಾಕಿನಿಂದ ಪ್ಯಾಸೆಂಜರ್ ರೈಲು, ಕಿಟಕಿ ತೆರೆದೇ ಇರುತ್ತದೆ, ಎರಡೂ ಕಡೆ ಭತ್ತದ ಗದ್ದೆ. ಸ್ಟೇಷನ್ ಇಳಿದು ಸ್ವಲ್ಪ ನಡೆದರೆ ಹೊಳೆ, ದೋಣಿಯಲ್ಲಿ ದಾಟಿದರೆ ಹಳೇ ರಾಜಧಾನಿ. ಮೂರು ನದಿ ಸುತ್ತುವರಿದ ದ್ವೀಪ ಅದು. ಹೆಸರು ನಮ್ಮ ಅಯೋಧ್ಯೆಯಿಂದ ಬಂದದ್ದು. 1350ರಲ್ಲಿ ಕಟ್ಟಿದ ಊರು, 1767ರಲ್ಲಿ ಬರ್ಮಾದ ಸೈನ್ಯ ಸುಟ್ಟು ಹಾಕಿತು. ಸಾಲಾಗಿ ತಲೆಯಿಲ್ಲದ ಬುದ್ಧರು ಕೂತಿದ್ದಾರೆ. ಒಂದು ಬುದ್ಧನ ತಲೆ ಮರದ ಬೇರುಗಳ ನಡುವೆ ಸಿಕ್ಕಿಕೊಂಡಿದೆ, ಮುಖದಲ್ಲಿ ಇನ್ನೂ ಅದೇ ಶಾಂತಿ. ಅಲ್ಲಿ ನಿಂತಾಗ ನನಗೆ ಶ್ರೀರಂಗಪಟ್ಟಣ ನೆನಪಾಯಿತು. ಅದೂ ಹೊಳೆ ನಡುವಿನ ರಾಜಧಾನಿ, ಅದು ಬಿದ್ದದ್ದು 1799ರಲ್ಲಿ. ಎರಡಕ್ಕೂ 32 ವರ್ಷದ ಅಂತರ ಅಷ್ಟೇ. ದಿನಾ ಬಸ್ಸಿನಲ್ಲಿ ಕೋಟೆ ದಾಟಿ ಓಡಾಡುವ ನಾನು ಶ್ರೀರಂಗಪಟ್ಟಣವನ್ನು ಅಷ್ಟು ಗಮನ ಕೊಟ್ಟು ನೋಡಿರಲಿಲ್ಲ. ಬಂದ ಮೇಲೆ ಒಂದು ಭಾನುವಾರ ಇಳಿದು ಇಡೀ ದಿನ ನಡೆದೆ.

ದೀಪಾವಳಿ ಆದ ಮೇಲೆ ಒಂದು ವಾರ ರಜೆ ಇದೆ. ವಿಯೆಟ್ನಾಮಿನ ಹನೋಯಿ ಅಥವಾ ಮಲೇಷ್ಯಾದ ಪೆನಾಂಗ್ ಅಂದುಕೊಂಡಿದ್ದೇನೆ. ಒಬ್ಬರೇ ಹೋಗಿಬಂದವರು ಹೇಳಿ: ಮೊದಲ ದಿನದ ಆ ಐದು ಗಂಟೆ ನಿಮಗೂ ಇರುತ್ತದಾ? ಏನು ಮಾಡುತ್ತೀರಿ? ಊಟ ಹೇಗೆ? ನಾನು ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇಲ್ಲ.

ಕಬ್ಬಿನಗದ್ದೆ ಬರೆದದ್ದು:

ಅಕ್ಕ, ನಾನೂ ಮಂಡ್ಯ ಕಡೆಯವನೇ. 2023ರಲ್ಲಿ ಹನೋಯಿಗೆ ಒಬ್ಬನೇ ಹೋಗಿ 8 ದಿನ ಇದ್ದೆ. ಐದು ಗಂಟೆ ಏನು, ನನಗೆ ಮೊದಲ ದಿನ ರಸ್ತೆ ದಾಟಲೇ ಇಪ್ಪತ್ತು ನಿಮಿಷ ಬೇಕಾಯಿತು. ಬೈಕುಗಳು ನಿಲ್ಲುವುದೇ ಇಲ್ಲ, ನೀರು ಹರಿದ ಹಾಗೆ ಬರುತ್ತಲೇ ಇರುತ್ತವೆ. ನಾನು ಗ್ಯಾಪ್ ಸಿಗಲಿ ಅಂತ ಕಾಯುತ್ತಾ ನಿಂತಿದ್ದೆ, ಗ್ಯಾಪ್ ಸಿಗುವ ಊರೇ ಅಲ್ಲ ಅದು. ಬುಟ್ಟಿ ಹೊತ್ತ ಒಬ್ಬ ಅಜ್ಜಿ ನನ್ನ ಪಕ್ಕದಿಂದಲೇ ಇಳಿದು ನಿಧಾನವಾಗಿ ನಡೆದುಕೊಂಡು ಹೋದರು. ಎಡಬಲ ನೋಡಲಿಲ್ಲ, ನಿಲ್ಲಲಿಲ್ಲ, ಓಡಲಿಲ್ಲ. ಬೈಕುಗಳೇ ಅವರ ಸುತ್ತ ಬಳಸಿ ಹೋದವು. ಮುಂದಿನ ಸಲ ನಾನು ಇನ್ನೊಬ್ಬರ ಹಿಂದೆಯೇ ಇಳಿದೆ. ಅಲ್ಲಿ ತಪ್ಪು ಅಂದರೆ ನಡುವೆ ನಿಲ್ಲುವುದು, ಇಲ್ಲ ಹಿಂದಕ್ಕೆ ಹೆಜ್ಜೆ ಇಡುವುದು. ನೀವು ಎಲ್ಲಿ ಹೋಗುತ್ತೀರಿ ಅಂತ ಬೈಕಿನವರು ಲೆಕ್ಕ ಹಾಕಿರುತ್ತಾರೆ, ನಾವು ಆ ಲೆಕ್ಕ ಕೆಡಿಸಬಾರದು. ಬಸ್ಸು ಕಾರು ಬಂದರೆ ಮಾತ್ರ ಬಿಟ್ಟುಕೊಡಿ, ಅವು ಬಳಸಿ ಹೋಗುವುದಿಲ್ಲ.

ಹಳೇ ಪೇಟೆಯಲ್ಲಿ ರೂಮ್ ಮಾಡಿ. 36 ಬೀದಿ ಅನ್ನುತ್ತಾರೆ. ಒಂದೊಂದು ಬೀದಿಗೆ ಒಂದೊಂದು ಕಸುಬಿನ ಹೆಸರು. 'ಹಾಂಗ್' ಅಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯವರ ಬೀದಿ, ಹಾಂಗ್ ಮಾ ಪೂಜೆಯ ಕಾಗದದ ಸಾಮಾನಿನ ಬೀದಿ. ನಮ್ಮಲ್ಲಿ ಕುಂಬಾರ ಬೀದಿ, ಗಾಣಿಗರ ಬೀದಿ ಇದ್ದ ಹಾಗೆ. ವ್ಯತ್ಯಾಸ ಏನೆಂದರೆ ಅಲ್ಲಿ ಕೆಲವು ಬೀದಿಗಳಲ್ಲಿ ಈಗಲೂ ಅದೇ ಸಾಮಾನು ಮಾರುತ್ತಾರೆ. ಹೆಸರು ಹೇಳಿದರೆ ಏನು ಸಿಗುತ್ತದೆ ಅಂತ ಗೊತ್ತಾಗುತ್ತದೆ, ಹಾಗಾಗಿ ದಾರಿ ನೆನಪಿಡುವುದು ಸುಲಭ.

ಬೆಳಿಗ್ಗೆ ಐದೂವರೆಗೆ ಎದ್ದು ಹೋನ್ ಕಿಯೆಮ್ ಕೆರೆಗೆ ಹೋಗಿ. ವಯಸ್ಸಾದವರೆಲ್ಲ ಗುಂಪು ಕಟ್ಟಿಕೊಂಡು ವ್ಯಾಯಾಮ ಮಾಡುತ್ತಿರುತ್ತಾರೆ. ಕೆರೆಯ ಹೆಸರಿನ ಅರ್ಥ 'ಹಿಂದಿರುಗಿಸಿದ ಖಡ್ಗ'. ರಾಜ ಲೇ ಲೋಯ್ ಯುದ್ಧ ಗೆದ್ದ ಮೇಲೆ ಖಡ್ಗವನ್ನು ಕೆರೆಯ ಆಮೆಗೆ ವಾಪಸ್ ಕೊಟ್ಟ ಅನ್ನುವ ಕಥೆ.

ಊಟ: 'ತೋಯ್ ಆನ್ ಚಾಯ್' ಅಂದರೆ ನಾನು ಸಸ್ಯಾಹಾರ ತಿನ್ನುತ್ತೇನೆ ಅಂತ. ಚಾಯ್ ಅಂದರೆ ಟೀ ಅಲ್ಲ, ಟೀಗೆ 'ಚಾ' ಅನ್ನುತ್ತಾರೆ. ನಾನು ಮಾಂಸ ತಿನ್ನುವವನೇ, ಆದರೆ ಮನೆಯಲ್ಲಿ ಸೋಮವಾರ ತಿನ್ನುವುದಿಲ್ಲ, ಅಲ್ಲೂ ಆ ಪದ್ಧತಿ ಬಿಡಲಿಲ್ಲ. ಅದಕ್ಕೇ ಈ ಮಾತು ಕಲಿತೆ. ಅವರಲ್ಲಿ ಎಷ್ಟೋ ಜನ ಚಾಂದ್ರಮಾನ ತಿಂಗಳ 1ನೇ ಮತ್ತು 15ನೇ ದಿನ ಮಾಂಸ ಬಿಡುತ್ತಾರೆ. ನಮ್ಮ ಅಮಾವಾಸ್ಯೆ ಹುಣ್ಣಿಮೆ ಲೆಕ್ಕವೇ. ಹಾಗಾಗಿ ಚಾಯ್ ಅಂದ ಕೂಡಲೇ ಅವರಿಗೆ ಅರ್ಥವಾಗುತ್ತದೆ, ಯಾಕೆ ಏನು ಅಂತ ಕೇಳುವುದಿಲ್ಲ.

ಇನ್ನೊಂದು. ಬೀದಿಯಲ್ಲಿ ಕಬ್ಬಿನ ಹಾಲು ಸಿಗುತ್ತದೆ. ಕಬ್ಬಿನ ಜೊತೆ ಸಣ್ಣ ಕಿತ್ತಳೆಯಂತಹ ಹುಳಿ ಹಣ್ಣನ್ನೂ ಗಾಣಕ್ಕೆ ಕೊಡುತ್ತಾರೆ. ನಾವು ನಿಂಬೆಹಣ್ಣು, ಶುಂಠಿ ಹಾಕುತ್ತೇವೆ. ಹುಟ್ಟಿದಾಗಿನಿಂದ ಕಬ್ಬು ನೋಡಿದವನು ನಾನು, ಆ ರುಚಿ ಗೊತ್ತೇ ಇರಲಿಲ್ಲ. ದಿನಾ ಎರಡು ಲೋಟ ಕುಡಿದೆ.

ಒಂದು ಕಿವಿಮಾತು: ದಯವಿಟ್ಟು ಮೊದಲ ದಿನ ಇಂಡಿಯನ್ ಹೋಟೆಲ್ ಹುಡುಕಿಕೊಂಡು ಹೋಗಬೇಡಿ. ಒಂದು ಸಲ ಅಲ್ಲಿ ಕೂತರೆ ಮತ್ತೆ ಅಲ್ಲೇ ಹೋಗುತ್ತೀರಿ. ನನ್ನ ಜೊತೆ ಹಾಸ್ಟೆಲ್‌ನಲ್ಲಿದ್ದ ಒಬ್ಬರು ನಾಲ್ಕು ದಿನ ದಾಲ್ ರೈಸ್ ತಿಂದೇ ಊರಿಗೆ ಹೋದರು.

ಕುವೆಂಪುನಗರದ ಟೀಚರ್ ಬರೆದದ್ದು:

ಮೇಲಿನವರ ಕೊನೇ ಮಾತು ನಾನು ಒಪ್ಪುವುದಿಲ್ಲ. ನಾನು ಪ್ರತಿ ಬೇಸಿಗೆ ರಜೆಯಲ್ಲಿ ಒಂದು ಊರಿಗೆ ಒಬ್ಬಳೇ ಹೋಗುತ್ತೇನೆ, ಈಗ 48 ವರ್ಷ. ಮೊದಲ ದಿನ ಹೊಟ್ಟೆ ತುಂಬಿದರೆ ಅರ್ಧ ಭಯ ಹೋಗುತ್ತದೆ. ಅದು ಯಾವ ಊಟವಾದರೂ ಸರಿ. ಗಂಡಸರು ರಾತ್ರಿ ಹತ್ತಕ್ಕೂ ಯಾವ ಬೀದಿಗೆ ಬೇಕಾದರೂ ನುಗ್ಗಿ ತಿಂದು ಬರಬಹುದು. ಒಂಟಿ ಹೆಂಗಸಿಗೆ ಗೊತ್ತಿರುವ ಒಂದು ಜಾಗ ಬೇಕಾಗುತ್ತದೆ. ಕಷ್ಟ ಬಂದರೆ ಅಲ್ಲಿಗೆ ಹೋಗಬಹುದು ಅನ್ನುವ ಧೈರ್ಯಕ್ಕೆ.

ಪೆನಾಂಗಿನ ಜಾರ್ಜ್‌ಟೌನ್‌ನಲ್ಲಿ ನಾನು ಮಾಡಿದ್ದು ಅದನ್ನೇ. ಬ್ಯಾಗ್ ಇಟ್ಟು ಸೀದಾ ಲಿಟಲ್ ಇಂಡಿಯಾಗೆ ಹೋಗಿ ಬಾಳೆ ಎಲೆ ಊಟ ಮಾಡಿದೆ. ಬಡಿಸಿದ ಹೆಂಗಸು ತಮಿಳಿನಲ್ಲಿ ಎಲ್ಲಿಂದ ಬಂದೆ ಎಂದು ಕೇಳಿದರು, ಮೈಸೂರು ಅಂದೆ. ಅವರ ಅಜ್ಜಿ ಯಾವಾಗಲೂ ದಸರಾ ಕಥೆ ಹೇಳುತ್ತಿದ್ದರಂತೆ. ಅಲ್ಲಿಂದ ಎದ್ದು ನಡೆಯಲು ಶುರು ಮಾಡಿದವಳು ಸಂಜೆ ತನಕ ನಡೆದೆ. ಮಹಾಮಾರಿಯಮ್ಮನ್ ಗುಡಿ, ಕಪಿತಾನ್ ಕೆಲಿಂಗ್ ಮಸೀದಿ, ಚೀನೀಯರ ಕ್ವಾನ್ ಯಿನ್ ಗುಡಿ, 1818ರ ಸೇಂಟ್ ಜಾರ್ಜ್ ಚರ್ಚ್, ಎಲ್ಲವೂ ನಡೆದು ಹೋಗುವ ದೂರದಲ್ಲಿವೆ. ಒಂದೇ ಸಂಜೆ ಬಾಂಗು, ಗಂಟೆ, ನಾದಸ್ವರ ಮೂರೂ ಕೇಳಿದೆ.

ಅಲ್ಲಿಯ ಹಳೇ ಅಂಗಡಿ ಮನೆಗಳ ಮುಂದೆ ಉದ್ದಕ್ಕೂ ಮಾಡು ಇರುವ ಜಗಲಿ ಇರುತ್ತದೆ, ಐದಡಿ ಅಗಲ ಅನ್ನುವ ಅರ್ಥದಲ್ಲಿ 'ಕಾಕಿ ಲಿಮಾ' ಅನ್ನುತ್ತಾರೆ. ಮಳೆ ಬಂದರೂ ಬಿಸಿಲಿದ್ದರೂ ಅದರ ಕೆಳಗೇ ನಡೆಯಬಹುದು. ನಮ್ಮ ಹಳೇ ಮನೆಗಳ ಜಗಲಿಯೇ ಊರಿಡೀ ಒಂದಕ್ಕೊಂದು ಅಂಟಿಕೊಂಡಿದ್ದರೆ ಹೇಗಿರುತ್ತದೋ ಹಾಗೆ. ನನಗೆ ಆ ಊರಿನಲ್ಲಿ ತುಂಬ ಇಷ್ಟವಾದದ್ದು ಅದೇ. ಜನ ಅಲ್ಲಿ ಕೂತು ಪೇಪರ್ ಓದುತ್ತಾರೆ, ಬೆಕ್ಕು ಮಲಗಿರುತ್ತದೆ, ನಾವು ಅವರ ಮನೆಯೊಳಗೇ ಹಾದು ಹೋದ ಹಾಗೆ ಅನಿಸುತ್ತದೆ, ಆದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆದರೆ ಮಂಡ್ಯದವರೇ, ದೀಪಾವಳಿ ಹೊತ್ತಿಗೆ ಪೆನಾಂಗಿನಲ್ಲಿ ಮಳೆ ಜಾಸ್ತಿ. ಈ ಸಲ ಹನೋಯಿಗೇ ಹೋಗಿ, ನವೆಂಬರಿನಲ್ಲಿ ಅಲ್ಲಿ ತಂಪಾಗಿ ಹಿತವಾಗಿರುತ್ತದೆ. ಮುಂದೆ ಮಲೇಷ್ಯಾಕ್ಕೆ ಹೋಗುವಾಗ ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನದ ಕಾರ್ಡ್ ತುಂಬಬೇಕು, ಮರೆಯಬೇಡಿ. ಹಾಸ್ಟೆಲ್ ಆದರೆ ಹೆಂಗಸರದೇ ಡಾರ್ಮ್ ಕೇಳಿ. ಮನೆಗೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ಹನೋಯಿ ನಮಗಿಂತ ಒಂದೂವರೆ ಗಂಟೆ ಮುಂದೆ. ಅಮ್ಮ ಕಾಯುತ್ತಿರುತ್ತಾರೆ.

ಸುಮ್ನೆ ಓದುವವ ಬರೆದದ್ದು:

ಬಾದಾಮಿ, ಬೀದರ್ ನೋಡದೆ ಬ್ಯಾಂಕಾಕಿಗೆ ಯಾಕೆ ಹೋಗಬೇಕು ಅಂತ ನನಗೆ ಅರ್ಥವಾಗುವುದಿಲ್ಲ. ದುಡ್ಡೂ ಉಳಿಯುತ್ತದೆ, ಭಾಷೆಯ ತೊಂದರೆಯೂ ಇಲ್ಲ.

ಸರಸ್ವತಿಪುರಂ ಹಿರಿಯ ಬರೆದದ್ದು:

ಬಾದಾಮಿಯೂ ನೋಡಲಿ, ಬ್ಯಾಂಕಾಕೂ ನೋಡಲಿ ಬಿಡಿ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿದ್ದರು. ಹಡಗಿನ ಕಾಲ ಅದು. ಹೊರಗೆ ನೋಡಿದ್ದನ್ನು ಇಲ್ಲಿಗೆ ತಂದವರು ಅವರು. ಈ ಹುಡುಗಿ ಅಯುತ್ತಯ ನೋಡಿ ಬಂದು ಶ್ರೀರಂಗಪಟ್ಟಣ ನಡೆದಳಲ್ಲ, ನನಗೆ ಅದನ್ನು ಓದಿ ಬಹಳ ಸಂತೋಷವಾಯಿತು.

ನನಗೆ 67. ಹೆಂಡತಿ ತೀರಿಕೊಂಡ ಎರಡು ವರ್ಷಕ್ಕೆ ಟೋಕಿಯೋಗೆ ಒಬ್ಬನೇ ಹೋದೆ. ಇಬ್ಬರೂ ಹೋಗಬೇಕು ಅಂತ ಇಟ್ಟುಕೊಂಡಿದ್ದ ದುಡ್ಡು. ನಿನಗೆ ಐದು ಗಂಟೆ ಕಣಮ್ಮ, ನನಗೆ ಒಂದೂವರೆ ದಿನ. ಅಲ್ಲಿಯ ಮೌನ ನನ್ನನ್ನು ಹೆದರಿಸಿತು. ಬೆಳಗಿನ ರೈಲಿನಲ್ಲಿ ನೂರಾರು ಜನ ಮೈಗೆ ಮೈ ತಾಗಿಸಿ ನಿಂತಿರುತ್ತಾರೆ, ಒಬ್ಬರೂ ಮಾತಾಡುವುದಿಲ್ಲ, ಫೋನಿನಲ್ಲೂ ಇಲ್ಲ. ಮನೆಯಲ್ಲಿ ಮಾತಿಲ್ಲ ಅಂತ ಊರು ಬಿಟ್ಟು ಬಂದವನಿಗೆ ಅಲ್ಲೂ ಅದೇ ಸಿಕ್ಕಿತು.

ಎರಡನೇ ದಿನ ದಾರಿ ತಪ್ಪಿದೆ. ಆ ಊರಿನಲ್ಲಿ ಬಹುಪಾಲು ರಸ್ತೆಗಳಿಗೆ ಹೆಸರೇ ಇಲ್ಲ. ವಿಳಾಸ ಅಂದರೆ ಬಡಾವಣೆ, ಅದರೊಳಗೆ ಬ್ಲಾಕಿನ ನಂಬರು, ಅದರೊಳಗೆ ಕಟ್ಟಡದ ನಂಬರು. ಕಟ್ಟಡದ ನಂಬರೂ ಎಷ್ಟೋ ಕಡೆ ಸಾಲಾಗಿ ಇರುವುದಿಲ್ಲ, 3ರ ಪಕ್ಕ 11 ಇರಬಹುದು. ಫೋನಿನ ಚಾರ್ಜ್ ಮುಗಿದಿತ್ತು. ಮೂಲೆಯಲ್ಲಿ ಒಂದು ಸಣ್ಣ ಪೊಲೀಸ್ ಚೌಕಿ ಕಂಡಿತು, 'ಕೋಬಾನ್' ಅನ್ನುತ್ತಾರೆ. ಊರಿನ ತುಂಬ ಇವೆ, ದಾರಿ ಹೇಳುವುದೂ ಅವರ ಕೆಲಸವೇ. ಹೋಟೆಲಿನ ಕಾರ್ಡ್ ತೋರಿಸಿದೆ. ಆ ಹುಡುಗ ದೊಡ್ಡ ನಕ್ಷೆ ಬಿಡಿಸಿ ಹುಡುಕಿ, ಕಾಗದದ ಮೇಲೆ ಗೆರೆ ಎಳೆದು ಕೊಟ್ಟು, ರಸ್ತೆಯ ತಿರುವಿನ ತನಕ ಜೊತೆಗೆ ಬಂದ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಆ ಕಾಗದ ಈಗಲೂ ನನ್ನ ಬೀರುವಿನಲ್ಲಿದೆ. ಹಾಗಾಗಿ ಹೋಟೆಲಿನ ವಿಳಾಸ ಆ ಊರಿನ ಲಿಪಿಯಲ್ಲಿ ಇರುವ ಕಾರ್ಡನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೊರಡು.

ಮೂರನೇ ದಿನ ಉಯೆನೋ ಅನ್ನುವ ಕಡೆ ಹೋದೆ. ಶಿನೊಬಾಜು ಕೊಳ, ಪೂರ್ತಿ ತಾವರೆ ಎಲೆ, ನಡುವೆ ದ್ವೀಪದ ಮೇಲೆ ಒಂದು ಗುಡಿ. ಅಲ್ಲಿರುವ ದೇವಿ ಬೆನ್‌ಜೈತೆನ್. ಅವಳು ನಮ್ಮ ಸರಸ್ವತಿಯೇ, ಬೌದ್ಧರ ಜೊತೆ ಚೀನಾ ದಾಟಿ ಜಪಾನಿಗೆ ಹೋದವಳು. ವೀಣೆಯ ಬದಲು 'ಬಿವಾ' ಅನ್ನುವ ವಾದ್ಯ ಅವಳದು. ನೀರಿನ ದೇವತೆ ಅಂತ ಕೊಳ, ಕೆರೆಗಳ ಹತ್ತಿರವೇ ಅವಳ ಗುಡಿ ಕಟ್ಟುತ್ತಾರೆ. ಸರಸ್ವತಿಯೂ ಮೊದಲು ನದಿಯೇ ಅಲ್ಲವೇ? ನನ್ನ ಹೆಂಡತಿ ನಲವತ್ತು ವರ್ಷ ವೀಣೆ ಹೇಳಿಕೊಟ್ಟವಳು. ಅಲ್ಲಿ ಬಹಳ ಹೊತ್ತು ಕೂತಿದ್ದೆ. ಆಮೇಲೆ ಇದ್ದ ಐದು ದಿನವೂ ಬೆಳಿಗ್ಗೆ ಅಲ್ಲಿಗೇ ಹೋದೆ. ಕುಕ್ಕರಹಳ್ಳಿ ಕೆರೆಗೆ ಹೋದ ಹಾಗೆ. ಮೂರನೇ ಬೆಳಿಗ್ಗೆಗೆ ಅಲ್ಲಿ ನಡೆಯುವ ಒಬ್ಬ ಮುದುಕರು ನನಗೆ ತಲೆ ಬಾಗಿಸತೊಡಗಿದರು.

ನಾನು ಹೇಳುವುದು ಇಷ್ಟೇ ಮಗು, ಹೋದ ಕಡೆ ಒಂದು ಜಾಗವನ್ನು ದಿನಾ ಹೋಗುವ ಜಾಗ ಮಾಡಿಕೋ. ಟೀಚರಮ್ಮನಿಗೆ ಅದು ಊಟದ ಮನೆ, ನನಗೆ ಕೊಳ.

ಊಟಕ್ಕೆ ಜಪಾನ್ ಕಷ್ಟ. ತರಕಾರಿ ಸಾರಿಗೂ ಮೀನಿನ ರಸ ಹಾಕಿರುತ್ತಾರೆ. ಅಲ್ಲಿಯ 24 ಗಂಟೆಯ ಅಂಗಡಿಗಳಲ್ಲಿ ಬೆಂದ ಅನ್ನದ ಡಬ್ಬಿ ಸಿಗುತ್ತದೆ, ಬಿಸಿ ಮಾಡಿ ಕೊಡುತ್ತಾರೆ. ನಾನು ಒಯ್ದಿದ್ದ ಪುಳಿಯೋಗರೆ ಗೊಜ್ಜು ಕಲಸಿಕೊಂಡು ಎಂಟು ದಿನ ಕಳೆದೆ.

ಮಂಡ್ಯದವಳು ಬರೆದದ್ದು:

ಸರ್, ನಿಮ್ಮದನ್ನು ಎರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಲುಂಪಿನಿ ಪಾರ್ಕಿಗೆ ನಾನೂ ಮತ್ತೆ ಮೂರು ಸಂಜೆ ಹೋಗಿದ್ದೆ, ಅದನ್ನು ಬರೆಯಲು ಮರೆತಿದ್ದೆ. ನೀವು ಹೇಳಿದ ಮೇಲೆ ಯಾಕೆ ಹೋಗುತ್ತಿದ್ದೆ ಅಂತ ತಿಳಿಯಿತು.

ಸುಮ್ನೆ ಓದುವವರೇ, ಬಾದಾಮಿಗೆ ಹೋಗಿದ್ದೇನೆ, ಬೀದರಿಗೆ ಇನ್ನೂ ಇಲ್ಲ, ಹೋಗುತ್ತೇನೆ. ಭಾಷೆಯ ತೊಂದರೆ ಅಂದಿರಿ, ಆದರೆ ನನಗೆ ಅದೇ ಒಂದು ಖುಷಿ ಕೊಟ್ಟಿತು. ಥಾಯ್ ಜನ ಊಟಕ್ಕೆ 'ಆಹಾನ್' ಅನ್ನುತ್ತಾರೆ, ಮೇಷ್ಟ್ರಿಗೆ 'ಖ್ರು', ರಾವಣನಿಗೆ 'ತೋಸಕನ್', ಅಂದರೆ ದಶಕಂಠ. ಅರಮನೆಯ ಗುಡಿಯ ಸುತ್ತ ಗೋಡೆಯ ಮೇಲೆ ಅವರ ರಾಮಾಯಣವನ್ನೇ ಬರೆದಿದ್ದಾರೆ, ಅದರಲ್ಲಿ ಹನುಮಂತ ಬ್ರಹ್ಮಚಾರಿಯಲ್ಲ! ಹೀಗೆ ಒಂದೊಂದು ಮಾತು ಕಿವಿಗೆ ಬಿದ್ದಾಗ ಅಪರಿಚಿತರ ಮನೆಯಲ್ಲಿ ನಮ್ಮನೆ ಪಾತ್ರೆ ಕಂಡ ಹಾಗಾಗುತ್ತಿತ್ತು.

ಊಟದ ವಿಷಯಕ್ಕೆ, ಬ್ಯಾಂಕಾಕಿಗೆ ಹೋಗುವವರಿಗೆ: ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ಅಂಗಡಿ 'ಜೇ' ಅಂಗಡಿ, ಪೂರ್ತಿ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೇರೆ ಕಡೆ 'ಮೈ ಸೈ ನಾಮ್ ಪ್ಲಾ' ಅನ್ನಿ, ಮೀನಿನ ಸಾಸ್ ಹಾಕಬೇಡಿ ಅಂತ. ಆಮ್ಲೆಟ್‌ಗೂ ಅದನ್ನು ಹಾಕುತ್ತಾರೆ.

ಹನೋಯಿಯೇ ಆಗಲಿ. ಇ-ವೀಸಾ ಅರ್ಜಿ ನಿನ್ನೆ ಹಾಕಿದೆ, 25 ಡಾಲರ್. ಕಬ್ಬಿನಗದ್ದೆಯವರೇ, ಏರ್‌ಪೋರ್ಟಿನಿಂದ ಪೇಟೆಗೆ ಹೇಗೆ? ದುಡ್ಡು ಎಲ್ಲಿ ಬದಲಿಸಲಿ?

ಕಬ್ಬಿನಗದ್ದೆ ಬರೆದದ್ದು:

86ನೇ ನಂಬರ್ ಬಸ್, ಕಿತ್ತಳೆ ಬಣ್ಣದ್ದು, ಏರ್‌ಪೋರ್ಟಿನಿಂದ ಹಳೇ ಪೇಟೆ ಹಾದು ರೈಲ್ವೆ ಸ್ಟೇಷನ್ನಿಗೆ ಹೋಗುತ್ತದೆ. ಹಗಲು ಇಳಿಯುವ ವಿಮಾನ ಮಾಡಿಕೊಳ್ಳಿ. ಏರ್‌ಪೋರ್ಟಿನಲ್ಲಿ ಬಸ್ಸಿಗೆ ಬೇಕಾದಷ್ಟು ಮಾತ್ರ ಬದಲಿಸಿ, ಉಳಿದದ್ದನ್ನು ಊರೊಳಗೆ ಎರಡು ಕಡೆ ಕೇಳಿ ಬದಲಿಸಿ. ಅಲ್ಲಿ ಲಕ್ಷದ ನೋಟುಗಳು. 20,000ದ್ದು ಮತ್ತು 5 ಲಕ್ಷದ್ದು ಎರಡೂ ನೀಲಿ. ನಾನು ಒಂದು ಸಂಜೆ ಕಬ್ಬಿನ ಹಾಲಿಗೆ ದೊಡ್ಡದನ್ನೇ ಕೊಟ್ಟುಬಿಟ್ಟಿದ್ದೆ, ಆ ಹೆಂಗಸು ಎರಡೂ ನೋಟು ಪಕ್ಕ ಪಕ್ಕ ಹಿಡಿದು ತೋರಿಸಿ ವಾಪಸ್ ಕೊಟ್ಟರು. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿ ಇಡಿ.

ಟೀಚರ್ ಅವರೇ, ನೀವು ಹೇಳಿದ್ದು ನಾನು ಯೋಚಿಸಿರಲಿಲ್ಲ. ಹೆಂಗಸರಿಗೆ ಬೇರೆಯೇ ಲೆಕ್ಕ ಇರುತ್ತದೆ, ಒಪ್ಪಿದೆ. ಅಕ್ಕ, ಮೊದಲ ದಿನ ಎಲ್ಲಿ ಬೇಕಾದರೂ ಉಣ್ಣಿ. ಮಾರನೇ ದಿನ ಬೆಳಿಗ್ಗೆ ಮಾತ್ರ ಐದೂವರೆಗೆ ಕೆರೆ ಹತ್ತಿರ ಇರಿ.